ತಾಳಿಯ ಪಕ್ಕದ ಬಿಲ್ಲೆ

ನಾನು ಒಂದು ಹಿತ್ತಾಳೆ ಬಿಲ್ಲೆ. ಹಳೇ ಒಂದು ರೂಪಾಯಿ ನಾಣ್ಯಕ್ಕಿಂತ ತುಸು ಅಗಲ, ನೆತ್ತಿಯ ಮೇಲೊಂದು ತೂತು, ಇಷ್ಟೇ ನನ್ನ ಆಕಾರ. ಹೇಳಿಕೊಳ್ಳುವಂಥ ವಂಶವೇನೂ ನನ್ನದಲ್ಲ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಎರಕದ ಮನೆಯಲ್ಲಿ ಸವೆದ ಬೇರಿಂಗು, ಮುರಿದ ನಲ್ಲಿ, ಕೆಲಸಕ್ಕೆ ಬಾರದ ತಿರುಪು ಎಲ್ಲವನ್ನೂ ಒಟ್ಟಿಗೆ ಕರಗಿಸಿ ದೊಡ್ಡ ದೊಡ್ಡ ಸಾಮಾನು ಎರಕ ಹೊಯ್ದರು. ಕೊನೆಗೆ ತಳದಲ್ಲಿ ಉಳಿದದ್ದರಲ್ಲಿ ನಾನೂ ನನ್ನ ಒಡಹುಟ್ಟಿದವರೂ ಆದೆವು. ತಣ್ಣಗಾದ ಮೇಲೆ ನನ್ನ ಮುಖದ ಮೇಲೆ 182 ಎಂದು ಅಚ್ಚು ಹೊಡೆದರು. ನೋವಾಯಿತೇ ಎಂದು ಕೇಳಬೇಡಿ, ಹಿತ್ತಾಳೆಗೆ ನೋವಾಗುವುದಿಲ್ಲ. ಮುಂದೆ ಕಂಡದ್ದನ್ನೆಲ್ಲ ನಾನು ಇಷ್ಟು ತಣ್ಣಗೆ ಹೇಳುತ್ತಿರುವುದು ಅದಕ್ಕೇ ಇರಬೇಕು.

ವರ್ಕ್‌ಶಾಪಿನ ದೊಡ್ಡ ಗೇಟಿನ ಒಳಬದಿಗೆ ಕರಿ ಬಣ್ಣ ಬಳಿದ ಮರದ ಹಲಗೆಯೊಂದಿತ್ತು. ಅದರ ತುಂಬ ಸಾಲು ಸಾಲು ಮೊಳೆ, ಮೊಳೆಗೊಂದು ಬಿಲ್ಲೆ. ಬೆಳಿಗ್ಗೆ ಭೋಂಗಾ ಊದುತ್ತಿತ್ತು. ಊರೆಲ್ಲ ಗಡಿಯಾರ ಸರಿಮಾಡಿಕೊಳ್ಳುವ ಆ ಸೈರನ್ನಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ. ಕೆಲಸದವನು ಬಂದು ತನ್ನ ನಂಬರಿನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಹೋಗಬೇಕು. ಸಂಜೆ ಹೊರಬೀಳುವಾಗ ಅದೇ ಮೊಳೆಗೆ ಮತ್ತೆ ತೂಗುಹಾಕಬೇಕು. ಬಿಲ್ಲೆ ಹಲಗೆಯ ಮೇಲಿದ್ದರೆ ಮನುಷ್ಯ ಮನೆಯಲ್ಲಿದ್ದಾನೆ. ಮೊಳೆ ಖಾಲಿ ಇದ್ದರೆ ಒಳಗೆ ದುಡಿಯುತ್ತಿದ್ದಾನೆ. ಇದಕ್ಕಿಂತ ಹೆಚ್ಚಿನ ವೇದಾಂತ ನಮಗೆ ಬೇಕಾಗಿರಲಿಲ್ಲ.

ನಾನು ಸೇರಿದ್ದು ನೀಲಕಂಠಪ್ಪ ಹಳ್ಯಾಳ ಎಂಬ ಫಿಟ್ಟರನ ಪಾಲಿಗೆ. ಉದ್ದನೆಯ ಆಳು, ಮಾತು ಕಡಿಮೆ. ಅವನ ಅಂಗಿಯ ಜೇಬಿನಲ್ಲಿ ಎಲೆ-ಅಡಿಕೆಯ ಚೀಲ, ಒಂದು ಮೋಟು ಪೆನ್ಸಿಲ್ಲು ಮತ್ತು ನಾನು ಒಟ್ಟಿಗೆ ಸಂಸಾರ ಮಾಡುತ್ತಿದ್ದೆವು. ಜೊತೆಯವರು ಅವನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. "ಏ ನೂರಾ ಎಂಬತ್ತೆರಡು, ಪಾನಾ ಕೊಡಲೇ" ಎಂದು ಪಕ್ಕದಲ್ಲಿ ನಟ್ಟು ಬಿಗಿಯುತ್ತಿದ್ದ ಮೌಲಾಸಾಬ ಕೂಗಿದರೆ ನಾನೂ ಜೇಬಿನಲ್ಲಿ ಒಮ್ಮೆ ಓ ಎನ್ನುತ್ತಿದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು.

ಅವನಿಗೆ ಮದುವೆಯಾಗಿ ಸಾವಂತ್ರವ್ವ ರೈಲ್ವೆ ಚಾಳಿಗೆ, ಅಂದರೆ ಕೆಲಸಗಾರರ ಸಾಲುಮನೆಗೆ, ಬಂದಳು. ಗಂಡ ಮರೆತು ಬಂದ ಬುತ್ತಿಯನ್ನು ಹಿಡಿದುಕೊಂಡು ಒಮ್ಮೊಮ್ಮೆ ಗೇಟಿಗೆ ಬರುತ್ತಿದ್ದಳು. ಓದು ಬಾರದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಆಗಿನ ಹೆಂಗಸರು ಹೇಳುತ್ತಿರಲಿಲ್ಲ. ಪಹರೆಯವನು ಯಾರು ಬೇಕು ಎಂದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಹಲಗೆಯ ಮೇಲಿನ ನನ್ನ ಮೊಳೆಯತ್ತ ಬೆರಳು ತೋರಿಸುತ್ತಿದ್ದಳು. ಮೊದಲ ವಾರವೇ ನೀಲಕಂಠಪ್ಪ ಅವಳಿಗೆ ಕಲಿಸಿಕೊಟ್ಟಿದ್ದ: "ನನ್ನ ಮೊಳಿ ಖಾಲಿ ಇದ್ದರ ಒಳಗ ಅದೀನಿ ಅಂತ ತಿಳಕೊ. ಬಿಲ್ಲಿ ತೂಗಾಕತ್ತಿತ್ತು ಅಂದ್ರ ಮನೀಗೆ ಬಂದೀನಿ ಅಂತ."

ಚಾಳಿನ ಹೆಂಗಸರು ಹೊಸ ಮದುವಣಗಿತ್ತಿಯನ್ನು ಬಿಟ್ಟಾರೆಯೇ? ಗಂಡನ ಹೆಸರನ್ನು ಬರಿದೆ ಹೇಳಬಾರದು ನಿಜ, ಆದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಬಾಗಿಲಲ್ಲಿ ಅಡ್ಡ ನಿಂತು ಕಾಡಿದಾಗ ಅವಳೇ ಕಟ್ಟಿ ಹೇಳಿದ್ದಂತೆ:

"ಮುಂಜಾನಿ ಭೋಂಗಾ ಊದಿದರ ಊರಿಗೆಲ್ಲಾ ಹೊತ್ತ,
ನೀಲಕಂಠಪ್ಪ ಬರೂ ಹಾದಿ ನನಗಷ್ಟ ಗೊತ್ತ."

ಹೆಂಗಸರ ಬಾಯಿಂದ ಅದು ಗಂಡಸರ ಕಿವಿಗೆ ಬಿತ್ತು. ಮೌಲಾಸಾಬನಂತೂ ತಿಂಗಳುಗಟ್ಟಲೆ ಸುತ್ತಿಗೆಯ ಪೆಟ್ಟಿಗೆ ಸರಿಯಾಗಿ ಅದನ್ನೇ ಹಾಡಿ ನೀಲಕಂಠಪ್ಪನ ಕಿವಿ ಕೆಂಪಗೆ ಮಾಡಿದ. ಅವನು ಸಿಟ್ಟು ಮಾಡುತ್ತಿದ್ದ. ಆದರೆ ಜೇಬಿನಲ್ಲಿದ್ದ ನನಗೆ ಅವನ ಎದೆ ಹಿಗ್ಗಿದ್ದು ಗೊತ್ತಾಗುತ್ತಿತ್ತು.

ಕಾಲ ಹಾಗೇ ಉಳಿಯುವುದಿಲ್ಲ. ಹೆಬ್ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಬಂತು. ಹಲಗೆ ಇಳಿಯಿತು. ಹಳಬರಿಗೆ ಅವರವರ ಬಿಲ್ಲೆಯನ್ನು ನೆನಪಿಗೆಂದು ಕೊಟ್ಟರು. ನೀಲಕಂಠಪ್ಪ ನನ್ನನ್ನು ಮನೆಗೆ ತಂದು ಸೈಕಲ್ ಕೀಲಿಯ ಜೊತೆ ಸೇರಿಸಿದ. ನಿವೃತ್ತನಾದ ಮೇಲೆ ಭೋಂಗಾ ಕೇಳುವಷ್ಟು ದೂರದಲ್ಲೇ ಸಣ್ಣದೊಂದು ಮನೆ ಮಾಡಿದ್ದ. ಅಲ್ಲಿ ಗಂಡಹೆಂಡತಿ, ಮಗಳು ಕಸ್ತೂರಿ ಮತ್ತು ಅವಳ ಗಂಡ, ಜೊತೆಗೆ ನೀಲಕಂಠಪ್ಪನ ಅಕ್ಕ ಗೌರವ್ವ ಇದ್ದರು. ಕಸ್ತೂರಿ ಮುಂದಿನ ಖೋಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿಯುತ್ತಿದ್ದಳು. ಗೌರವ್ವ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವಳು. ಶಾಸ್ತ್ರ ಸಂಪ್ರದಾಯದಲ್ಲಿ ಅವಳ ಮಾತೆಂದರೆ ಮಾತು, ಅಳೆದದ್ದೇ ಗಜ.

ಸಾವಂತ್ರವ್ವನ ಮರೆವು ಒಮ್ಮೆಲೇ ಬರಲಿಲ್ಲ. ಒಂದು ದಿನ ತೀರಿಹೋದ ಅತ್ತೆಗೆ ತಾಟು ಹಾಕಿದಳು. ಇನ್ನೊಂದು ದಿನ ಹಂಚು ಕಾಯಲಿಟ್ಟು ಹಿಟ್ಟು ನಾದುವುದನ್ನೇ ಬಿಟ್ಟಳು. ಡಾಕ್ಟರು ಡಿಮೆನ್ಷಿಯಾ ಎಂದರು. ಗೌರವ್ವ "ಅರವತ್ತಕ್ಕ ಅರಳುಮರಳು ಅಂತಾರಲ್ಲ, ಅದ" ಎಂದಳು. ಹೆಸರು ಯಾವುದಾದರೇನು, ಬೆಳಿಗ್ಗೆ ಭೋಂಗಾ ಊದಿತೆಂದರೆ ಸಾವಂತ್ರವ್ವ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಗೇಟಿಗೆ ಹೊರಡುತ್ತಿದ್ದಳು. ಗಂಡ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದ. ಅವನ ಮುಂದೆಯೇ ದಾಟಿ ಹೋಗುತ್ತಿದ್ದಳು. ಅವಳಿಗೆ ಬೇಕಾದ ಗಂಡ ತಲೆ ನೆರೆತ ಈ ಮುದುಕನಾಗಿರಲಿಲ್ಲ.

ಮೊದಮೊದಲು ತಿರುವಿನಲ್ಲೇ ಸಿಗುತ್ತಿದ್ದಳು. ಆಮೇಲೆ ದೂರ ಹೋಗತೊಡಗಿದಳು. ಒಂದು ಸಲ ಲಾರಿಗಳು ಓಡಾಡುವ ಬೈಪಾಸ್ ರಸ್ತೆಯ ನಡುವೆ ನಿಂತಿದ್ದವಳನ್ನು ಯಾರೋ ಕೈಹಿಡಿದು ಈಚೆಗೆ ಎಳೆದರು. ಅಂದಿನಿಂದ ಮನೆಯಲ್ಲಿ ಎಲ್ಲರ ಜೀವ ಕೈಯಲ್ಲಿ. ಕಸ್ತೂರಿಯ ಗಂಡ ಆನ್‌ಲೈನಿನಲ್ಲಿ ಒಂದು ಗಡಿಯಾರ ತರಿಸಿದ. ತೊಟ್ಟವರು ಎಲ್ಲಿದ್ದಾರೆಂದು ಅದು ಮೊಬೈಲಿನ ನಕಾಶೆಯಲ್ಲಿ ತೋರಿಸುತ್ತದಂತೆ. ಕರೀ ಪಟ್ಟಿ, ಮಿಣಿಮಿಣಿ ಬೆಳಕು, ನೋಡಲು ನನಗಿಂತ ಎಷ್ಟೋ ಪಾಲು ಚೆಂದ, ಇಲ್ಲವೆನ್ನುವುದಿಲ್ಲ. ಸಾವಂತ್ರವ್ವ ಅದನ್ನು ಬಿಚ್ಚಿ ಅಳಿಯನ ಕೈಗೆ ಕೊಟ್ಟು "ಯಾರೋ ಗಂಡಸೂರ ವಾಚ್ ಬಿಟ್ಟ ಹೋಗ್ಯಾರ ನೋಡಪಾ" ಎಂದಳು. ಮತ್ತೆ ಕಟ್ಟಿದರು. ಮರುದಿನ ಅವಳು ಕಾಣೆಯಾದಾಗ ನಕಾಶೆ ನೋಡಿದರೆ ಚುಕ್ಕೆ ಮನೆಯಲ್ಲೇ ಮಿಣುಗುತ್ತಿತ್ತು. ಗಡಿಯಾರ ಜೋಳದ ಹಿಟ್ಟಿನ ಡಬ್ಬಿಯಲ್ಲಿತ್ತು, ಅವಳು ಹೂವಿನ ಸಂತೆಯಲ್ಲಿದ್ದಳು. ಕೊರಳಿಗೆ ವಿಳಾಸದ ಕಾರ್ಡು ಹಾಕಿದರು. ಅದನ್ನು ಶಾಲೆಗೆ ಹೋಗುವ ಓಣಿಯ ಮಗುವಿನದೆಂದು ಅದರ ಕೊರಳಿಗೇ ಹಾಕಿ ಬಂದಳು.

ನೀಲಕಂಠಪ್ಪ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದ. ಅವನು ಫಿಟ್ಟರು. ಯಾವ ಭಾಗ ಎಲ್ಲಿ ಕೂಡುತ್ತದೆಂದು ನೋಡುವುದೇ ಅವನ ಜನ್ಮದ ಕೆಲಸ. ಹೆಂಡತಿ ಬಳೆ ತೆಗೆದಿಡುತ್ತಿದ್ದಳು, ಚಪ್ಪಲಿ ಬಿಟ್ಟುಬರುತ್ತಿದ್ದಳು, ಸೆರಗಿನ ಪಿನ್ನೂ ನಿಲ್ಲುತ್ತಿರಲಿಲ್ಲ. ಆದರೆ ಗಾಬರಿಯಾದಾಗಲೆಲ್ಲ ಅವಳ ಕೈ ಕೊರಳಿನ ತಾಳಿಗೆ ಹೋಗಿ ಅದನ್ನು ಬಿಗಿಯಾಗಿ ಹಿಡಿಯುತ್ತಿತ್ತು. ತಾಳಿಯನ್ನು ಅವಳು ಒಂದು ದಿನವೂ ತೆಗೆದಿಟ್ಟಿರಲಿಲ್ಲ. ಅವನಿಗೆ ಅಷ್ಟು ಸಾಕಾಯಿತು.

ಅಂಗಳದಲ್ಲಿ ಒಂದು ಕಬ್ಬಿಣದ ತುಂಡಿನ ಮೇಲೆ ನನ್ನನ್ನು ಬೋರಲು ಮಲಗಿಸಿದ. ಅಂಕಿಯ ಹಳೇ ಅಚ್ಚುಗಳನ್ನು ಹುಡುಕಿ ತೆಗೆದು, ಬೆನ್ನಿನ ಮೇಲೆ ಕಸ್ತೂರಿಯ ಫೋನ್ ನಂಬರನ್ನು ಮೂಡಿಸಿದ, ಒಂದೊಂದು ಅಂಕಿಗೆ ಒಂದೊಂದು ಪೆಟ್ಟು. ಹೆಸರು ಬೇಡವೇ ಎಂದು ಕಸ್ತೂರಿ ಕೇಳಿದಳು. "ಕನ್ನಡದ ಅಚ್ಚು ನಮ್ಮ ಕಡೆ ಎಲ್ಲಿ ಬರಬೇಕವಾ? ನಂಬರ್ ಇದ್ದರ ಸಾಕು, ಮನಿಶ್ಯಾ ತಾನ ಸಿಗತಾನ" ಎಂದ. ವರ್ಕ್‌ಶಾಪಿನವರಿಗೆ ಹೆಸರಿಗಿಂತ ನಂಬರಿನ ಮೇಲೆ ನಂಬಿಕೆ. ಆಮೇಲೆ ತಾಳಿಯನ್ನು ಬಿಚ್ಚದೆಯೇ ಸಿಕ್ಕಿಸಲು ಬರುವಂಥ ಗಟ್ಟಿ ಕೊಂಡಿಯೊಂದನ್ನು ಬಾಗಿಸಿ, ಎರಡು ತಾಳಿಬಟ್ಟಲುಗಳ ಪಕ್ಕ ನನ್ನನ್ನು ತೂಗುಹಾಕಿದ.

ಸಾವಂತ್ರವ್ವ ಬಗ್ಗಿ ನೋಡಿದಳು. "ಇದೇನ್ರೀ?"

"ನನ್ನ ಬಿಲ್ಲಿ."

"ಹಲಗಿ ಮ್ಯಾಲ ಹಾಕೂದಲ್ಲೇನು?"

"ಹಲಗಿ ತಗದಾರ. ಇನ್ನ ಮ್ಯಾಲ ಇದ ನನ್ನ ಮೊಳಿ. ಇಲ್ಲಿ ತೂಗಾಕತ್ತಿತ್ತು ಅಂದ್ರ ನಾ ಮನ್ಯಾಗ ಅದೀನಿ."

ಅವಳು ನನ್ನನ್ನು ಮುಟ್ಟಿ ನೋಡಿ ತಲೆಯಾಡಿಸಿದಳು. ಮರುದಿನ ಭೋಂಗಾ ಊದಿತು. ಕೈ ಕೊರಳಿಗೆ ಹೋಯಿತು, ನಾನು ಸಿಕ್ಕಿದೆ. "ಮನ್ಯಾಗ ಅದಾರ" ಎಂದುಕೊಂಡು ಕೂತಲ್ಲೇ ಕೂತಳು. ಗಂಡನ ಮುಖ ಮರೆತವಳಿಗೆ ಮೊಳೆಯ ಲೆಕ್ಕ ಮರೆತಿರಲಿಲ್ಲ. ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ, ಡಾಕ್ಟರಿಗೂ ಗೊತ್ತಿರಲಿಲ್ಲ.

ಅಪರೂಪಕ್ಕೊಮ್ಮೆ ಆಗಲೂ ದಾರಿ ತಪ್ಪುತ್ತಿದ್ದಳು. ಒಮ್ಮೆ ಮಾರ್ಕೆಟ್ಟಿನಲ್ಲಿ ಒಬ್ಬ ಬಳೆಗಾರ ಅವಳ ಕೊರಳಲ್ಲಿ ಬಂಗಾರದ ನಡುವೆ ಹಿತ್ತಾಳೆ ಕಂಡು ಅಚ್ಚರಿಪಟ್ಟು, ನನ್ನನ್ನು ತಿರುವಿ ನೋಡಿ ಕಸ್ತೂರಿಗೆ ಫೋನ್ ಹಚ್ಚಿದ. ಹೊಲಿಗೆ ಬಿಟ್ಟು ಓಡಿಬಂದ ಕಸ್ತೂರಿ ತಾಯಿಯನ್ನು ಅಪ್ಪಿಕೊಂಡು, ಆಮೇಲೆ ನನ್ನನ್ನೂ ಸೆರಗಿನಿಂದ ಒರೆಸಿದಳು. ನನಗೆ ಜಂಬ ಬಂತು, ಸುಳ್ಳೇಕೆ ಹೇಳಲಿ. ಚಾರ್ಜು ಬೇಡ, ನೆಟ್‌ವರ್ಕ್ ಬೇಡ, ಹಿಟ್ಟಿನ ಡಬ್ಬಿಯ ಗೊಡವೆಯೂ ಇಲ್ಲ. ಅವಳು ಎಲ್ಲೇ ಹೋದರೂ ತಿರುಗಿ ಬರುವ ದಾರಿ ನನ್ನ ಬೆನ್ನ ಮೇಲಿತ್ತು.

ಒಂದು ಮಧ್ಯಾಹ್ನ ನೀಲಕಂಠಪ್ಪ ಉಂಡು ಕಟ್ಟೆಯ ಮೇಲೆ ಒರಗಿದವನು ಏಳಲಿಲ್ಲ.

ಮನೆ ತುಂಬ ಜನ ಸೇರಿದರು. ಮಣ್ಣಿಗೆ ಒಯ್ಯುವ ಮುಂಚೆ ಹೆಂಗಸರು ಸಾವಂತ್ರವ್ವನನ್ನು ನಡುವೆ ಕೂರಿಸಿದರು. ಬಳೆ ತೆಗೆದರು, ಕುಂಕುಮ ಒರೆಸಿದರು. ಗೌರವ್ವ ಅಳುತ್ತಲೇ ಬಂದು ತಾಳಿಗೆ ಕೈಹಾಕಿದಳು. ಸಾವಂತ್ರವ್ವ ಅವಳ ಮುಖವನ್ನೇ ನೋಡುತ್ತ "ಯಾಕ್ರೀ ಅಕ್ಕಾರ, ತೊಳದ ಕೊಡತೀರೇನು?" ಎಂದಳು. ತಾಳಿಯನ್ನು ಒಂದು ಬಿಳಿ ಅರಿವೆಯಲ್ಲಿ ಸುತ್ತಿ ಒಳಕೋಣೆಯ ಟ್ರಂಕಿನಲ್ಲಿಟ್ಟರು. ತಾಳಿಯ ಜೊತೆ ನಾನೂ ಹೋದೆ.

ತಪ್ಪು ಯಾರದೆಂದು ಹುಡುಕಿ ಫಲವಿಲ್ಲ. ಅವರು ತೆಗೆದದ್ದು ತಾಳಿಯನ್ನು. ತಾಳಿಯ ಜೊತೆ ಮನೆಯ ದಾರಿಯೂ ಹೋಯಿತೆಂದು ಆ ದುಃಖದಲ್ಲಿ ಯಾರಿಗೂ ಹೊಳೆಯಲಿಲ್ಲ. ಕಸ್ತೂರಿಗೂ ಹೊಳೆಯಲಿಲ್ಲ. ಅವಳು ತಂದೆಯನ್ನು ಕಳೆದುಕೊಂಡಿದ್ದಳು.

ದಿನಕರ್ಮವೆಲ್ಲ ಮುಗಿದು ನೆಂಟರು ತಮ್ಮ ತಮ್ಮ ಊರಿಗೆ ಹೋದರು. ಕಸ್ತೂರಿ ಬಾಕಿ ಉಳಿದ ಕುಪ್ಪಸಗಳನ್ನು ತೆಗೆದುಕೊಂಡು ಯಂತ್ರದ ಮುಂದೆ ಕೂತಳು. ಅಂದು ಬೆಳಿಗ್ಗೆ ಭೋಂಗಾ ಊದಿದ್ದು ಟ್ರಂಕಿನೊಳಗೆ ನನಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಳಕೋಣೆಯಲ್ಲಿ ಸಾವಂತ್ರವ್ವನ ದನಿ.

"ಮೊಳಿ ಖಾಲಿ ಐತಿ. ಒಳಗ ಹೋಗ್ಯಾರ. ಬುತ್ತಿ ಒಯ್ದಿಲ್ಲ ನೋಡ ಇವತ್ತ."

ಅಡಿಗೆಮನೆಯಲ್ಲಿ ರೊಟ್ಟಿಬುಟ್ಟಿಯ ಮುಚ್ಚಳ ತೆಗೆದ ಸದ್ದು, ಆಮೇಲೆ ಹಿತ್ತಲ ಬಾಗಿಲಿನ ಚಿಲಕದ ಸದ್ದು. ಮುಂದಿನ ಖೋಲಿಯಲ್ಲಿ ಹೊಲಿಗೆ ಯಂತ್ರ ಟಕಟಕ ಓಡುತ್ತಲೇ ಇತ್ತು. ನನಗೆ ಬಾಯಿಲ್ಲ, ಕಾಲಿಲ್ಲ. ಅದು ಒಂದು ಕೊರತೆಯೆಂದು ಅಲ್ಲಿಯವರೆಗೆ ನನಗೆ ಅನ್ನಿಸಿರಲೇ ಇಲ್ಲ. ಅಂದು ಅನ್ನಿಸಿತು.

ಗೌರವ್ವ ಸ್ನಾನ ಮುಗಿಸಿ ಬಂದು ನೋಡುವಾಗ ಆಸಾಮಿ ಇಲ್ಲ. ಓಣಿ ಹುಡುಕಿದರು, ಗುಡಿ ಹುಡುಕಿದರು. ವರ್ಕ್‌ಶಾಪಿನ ಗೇಟಿಗೆ ಅಳಿಯ ಗಾಡಿ ಓಡಿಸಿದ, ಅಲ್ಲಿಗೆ ಅವಳು ಬಂದೇ ಇರಲಿಲ್ಲ. ಬಿಸಿಲು ಏರಿತು. ಕಸ್ತೂರಿ ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಬರೆದುಕೊಳ್ಳುತ್ತಿದ್ದವರು "ಮೈಮ್ಯಾಲ ಗುರತಿಂದು ಏನರ ಐತೇನ್ರಿ?" ಎಂದು ಕೇಳಿದರು. "ಐತ್ರಿ ಸರ್, ಕೊಳ್ಳಾಗ ತಾಳಿ ಜೋಡಿ ಒಂದ ಬಿಲ್ಲಿ ಐತಿ, ಅದರ ಹಿಂದ ನನ್ನ ನಂಬರ" ಎಂದು ಶುರು ಮಾಡಿದವಳು ಅಲ್ಲಿಗೇ ನಿಂತಳಂತೆ.

ಅವಳು ಮನೆಗೆ ಬಂದು ಟ್ರಂಕಿನ ಮುಚ್ಚಳ ತೆರೆದಳು. ಅರಿವೆ ಬಿಚ್ಚಿ ನನ್ನನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕೂತಳು. ನನ್ನ ಬೆನ್ನಿನ ನಂಬರಿಗೆ ಕರೆ ಬರಬೇಕಾದ ಫೋನು ಅವಳ ಇನ್ನೊಂದು ಕೈಯಲ್ಲಿತ್ತು. ಕರೆ ಎಲ್ಲಿಂದ ಬಂದೀತು? "ನಾವ ತಗದ್ವಿ ಅತ್ತಿ, ನಾವ ಅಕೀನ್ನ ಕಳದ್ವಿ" ಎಂದು ಅತ್ತಳು. ಬಾಗಿಲಲ್ಲಿ ನಿಂತಿದ್ದ ಗೌರವ್ವ ಹೋಗಿ ಹಿತ್ತಲ ಬಾಗಿಲಿಗೆ ಬೀಗ ಹಾಕಿಬಂದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು, ಆದರೂ ಏನಾದರೊಂದು ಮಾಡಬೇಕಲ್ಲ.

ಆ ಹೊತ್ತಿನಲ್ಲಿ ಸಾವಂತ್ರವ್ವ ಎಲ್ಲಿದ್ದಳೆಂಬುದು ನಾನು ಕಂಡದ್ದಲ್ಲ. ಆಮೇಲೆ ಮನೆಗೆ ಬಂದುಹೋದವರಿಗೆಲ್ಲ ಕಸ್ತೂರಿ ಹೇಳಿದ್ದನ್ನು ಕೇಳಿ ತಿಳಿದದ್ದು. ಗೇಟಿನ ದಾರಿ ಬಿಟ್ಟು ಸ್ಟೇಶನ್ನಿನ ಕಡೆ ತಿರುಗಿದ್ದಳು. ಬಿಸಿಲಲ್ಲಿ ಸುತ್ತಿ ಸುತ್ತಿ ಕಾಲು ಸೋತು, ಒಂದು ಖಾನಾವಳಿಯ ಹಿಂದಿನ ಕಟ್ಟೆಯ ಮೇಲೆ ಕೂತಳು. ಒಳಗೆ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಬಸಲಿಂಗವ್ವ ಎಂಬುವಳು ನೀರು ಕೊಟ್ಟು, ಒಲೆಯ ಬದಿಯ ನೆರಳಿಗೆ ಕರೆದು ಕೂರಿಸಿದಳು. ಹೆಸರು ಕೇಳಿದರೆ ಸಾವಂತ್ರವ್ವ ಎಂದಳು. ಮನೆ ಎಲ್ಲಿ ಎಂದರೆ "ಚಾಳಿನ್ಯಾಗ" ಎಂದಳು. ಯಾವ ಚಾಳು ಎಂದರೆ ಗೊತ್ತಿಲ್ಲ.

"ಮನಿಯವರ ಹೆಸರೇನ ಯವ್ವಾ?"

ಸಾವಂತ್ರವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬಸಲಿಂಗವ್ವ ಬರೀ ಹಣೆ, ಬರೀ ಕೊರಳು ನೋಡಿ ಗಂಡ ಇಲ್ಲದವಳೆಂದು ತಿಳಿದಿದ್ದಳು. ನಗು ನೋಡಿದರೆ ಹೊಸ ಮದುವಣಗಿತ್ತಿಯದು. ಅವಳು ಮತ್ತೆ ಕೇಳಿದಳು.

"ಅವರ ಹೆಸರ ಹೆಂಗ ಹೇಳಲಿ ನಾ? ಬುತ್ತಿ ತಂದೀನಿ ಅಂತ ಹೇಳ್ರಿ, ಬರತಾರ."

ಬಸಲಿಂಗವ್ವನ ಕೈಯಲ್ಲಿದ್ದ ಹಿಟ್ಟು ಅಲ್ಲೇ ನಿಂತಿತು. ಇವಳು ಮರೆತು ಸುಮ್ಮನಿಲ್ಲ, ನಾಚಿ ಸುಮ್ಮನಿದ್ದಾಳೆ ಎಂದು ಹೆಂಗಸಿಗೆ ಹೆಂಗಸು ತಿಳಿಯಿತು. "ಹಂಗಾರ ಒಡಪ ಹಾಕಿ ಹೇಳ ಯವ್ವಾ, ನಾವೂ ಕೇಳೂಣು" ಎಂದಳು. ಸುತ್ತಲಿನವರೂ ರೊಟ್ಟಿ ಬಿಟ್ಟು ಹೇಳು ಹೇಳು ಎಂದು ಕಾಡಿದರು, ಹಿಂದೆ ಚಾಳಿನವರು ಕಾಡಿದ ಹಾಗೆಯೇ. ಮಗಳ ಹೆಸರು ಮರೆತ ಬಾಯಲ್ಲಿ ಒಂದಕ್ಷರ ತಪ್ಪದೆ ಬಂತು:

"ಮುಂಜಾನಿ ಭೋಂಗಾ ಊದಿದರ ಊರಿಗೆಲ್ಲಾ ಹೊತ್ತ,
ನೀಲಕಂಠಪ್ಪ ಬರೂ ಹಾದಿ ನನಗಷ್ಟ ಗೊತ್ತ."

ಹೊರಗೆ ಗಲ್ಲಾಪೆಟ್ಟಿಗೆಯ ಬಳಿ ರೊಟ್ಟಿ ಪಾರ್ಸೆಲ್ಲಿಗೆ ಕಾಯುತ್ತಿದ್ದ ಮುದುಕನೊಬ್ಬ ಸಟ್ಟನೆ ತಿರುಗಿದ. ಅದು ಮೌಲಾಸಾಬ. "ಯಾರ ಅಲ್ಲಿ ಒಡಪಾ ಹೇಳಿದವರು? ಅದು ನಮ್ಮ ನೂರಾ ಎಂಬತ್ತೆರಡರ ಹೇಣ್ತಿ ಒಡಪಾ!" ಎಂದು ಕೂಗುತ್ತ ಅಡಿಗೆಮನೆಗೇ ನುಗ್ಗಿದನಂತೆ. ಸಾವಂತ್ರವ್ವನಿಗೆ ಅವನ ಗುರುತು ಹತ್ತಲಿಲ್ಲ. "ನಡೀರಿ ವೈನಿ, ಮನೀಗೆ ಬಿಡತೀನಿ" ಎಂದರೆ ಅವರು ಬರಲಿ ಎಂದು ಹಟ ಹಿಡಿದಳು. "ಅವ ಮನೀಗೆ ಹೋಗ್ಯಾನ್ರಿ, ನಾ ಕಣ್ಣಾರೆ ನೋಡೀನಿ" ಎಂದು ಮೌಲಾಸಾಬ ಸುಳ್ಳು ಹೇಳಿ ಅವಳನ್ನು ಆಟೋ ಹತ್ತಿಸಿದ.

ಆಟೋ ಬಾಗಿಲಿಗೆ ಬಂದು ನಿಂತಾಗಲೂ ನಾನು ಕಸ್ತೂರಿಯ ಮುಷ್ಟಿಯಲ್ಲೇ ಇದ್ದೆ. ಅವಳು ತಾಯಿಯನ್ನು ತಬ್ಬಿದಾಗ ನನ್ನ ಅಂಚು ಸಾವಂತ್ರವ್ವನ ಬೆನ್ನಿಗೆ ಒತ್ತಿತು. ಅವಳನ್ನು ಮನೆಗೆ ತಂದದ್ದು ನಾನಲ್ಲ. ನನ್ನ ಜಂಬ ಅಲ್ಲಿಗೆ ಇಳಿಯಿತು.

ಮನೆಯೊಳಗೆ ಕಾಲಿಟ್ಟ ಸಾವಂತ್ರವ್ವ ಸುತ್ತ ನೋಡಿ "ಎಲ್ಲಿ ಅದಾರ?" ಎಂದಳು. ಕಸ್ತೂರಿ ತಡೆಯಲಾರದೆ "ಅಪ್ಪ ಇಲ್ಲ ಯವ್ವಾ, ತೀರಿಕೊಂಡಾನ" ಎಂದುಬಿಟ್ಟಳು. ಸಾವಂತ್ರವ್ವ ಆಗಷ್ಟೇ ಸುದ್ದಿ ಬಂದ ಹಾಗೆ ಎದೆ ಬಡಿದುಕೊಂಡು ಅತ್ತಳು. ಅತ್ತು ಅತ್ತು ಮಲಗಿದಳು. ಬೆಳಿಗ್ಗೆ ಎದ್ದು ಭೋಂಗಾ ಕೇಳಿ, ಕೊರಳು ಮುಟ್ಟಿಕೊಂಡು, ಮತ್ತೆ "ಎಲ್ಲಿ ಅದಾರ?" ಎಂದಳು. ಮತ್ತೆ ಹೇಳಿದರು. ಮತ್ತೆ ಅದೇ ಗೋಳು. ಮನೆಯಲ್ಲೇ ಇದ್ದಾನೆಂದು ಸುಳ್ಳು ಹೇಳಿ ನೋಡಿದರು, ಖಾಲಿ ಕೊರಳನ್ನು ತೋರಿಸಿ ಬಾಗಿಲಿಗೆ ಓಡುತ್ತಿದ್ದಳು. ಹಿತ್ತಲಿಗೂ ಮುಂಬಾಗಿಲಿಗೂ ಬೀಗ ಬಿತ್ತು. ಅವಳು ಬಾಗಿಲು ಬಡಿಯುವ ಸದ್ದು ಓಣಿಗೆಲ್ಲ ಕೇಳುತ್ತಿತ್ತು.

ಕಸ್ತೂರಿ ನನ್ನನ್ನು ತಾಳಿಯಿಂದ ಬಿಡಿಸಿ ಒಂದು ಕರೀ ದಾರಕ್ಕೆ ಕಟ್ಟಿ ತಾಯಿಯ ಕೊರಳಿಗೆ ಹಾಕಿದಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಉಪಾಯ. ಸಾವಂತ್ರವ್ವ ದಾರವನ್ನು ತಲೆಯ ಮೇಲಿಂದ ಎತ್ತಿ ತೆಗೆದು ಮಗಳ ಕೈಗೆ ಕೊಟ್ಟಳು. "ಇದು ಅವರ ಮೊಳಿ ಅಲ್ಲ" ಎಂದಳು. ಎಷ್ಟು ಸಲ ಹಾಕಿದರೂ ಅಷ್ಟು ಸಲ ತೆಗೆದಳು.

"ಅತ್ತಿ, ತಾಳೀನ ಹಾಕಿಬಿಡಲೇನು?" ಎಂದು ಕಸ್ತೂರಿ ಕೇಳಿದ್ದು ಬಹಳ ಮೆಲ್ಲಗೆ.

"ಬಾಯಾಗ ಹುಳಾ ಬಿದ್ದಾವು" ಎಂದಳು ಗೌರವ್ವ. "ನನ್ನ ಕೊಳ್ಳಾಗಿಂದು ತಗದಾಗ ನನಗ ಹದಿನೇಳು. ಯಾರರ ತಿರಗಿ ಹಾಕಿದರೇನು?"

ಕಸ್ತೂರಿ ನನ್ನನ್ನು ತಾಳಿಗೆ ಸಿಕ್ಕಿಸಿ ಮತ್ತೆ ಟ್ರಂಕಿಗೆ ಹಾಕಿದಳು.

ಹಾಗೆ ಎಷ್ಟು ದಿನ ಹೋದವೋ. ಒಂದು ಬೆಳಿಗ್ಗೆ ಭೋಂಗಾ ಆಯಿತು. ಎಲ್ಲಿ ಅದಾರ ಎಂಬ ದನಿ, ಕಸ್ತೂರಿಯ ಸೋತ ಉತ್ತರ, ಆಮೇಲೆ ಸಾವಂತ್ರವ್ವನ ಕೂಗು. ಒಮ್ಮೆಲೇ ಟ್ರಂಕಿನ ಮುಚ್ಚಳ ತೆರೆಯಿತು. ಒಳಗೆ ಬಂದ ಕೈ ಕಸ್ತೂರಿಯದಲ್ಲ. ಚರ್ಮ ಸುಕ್ಕಾದ, ಬಳೆಯಿಲ್ಲದ ಕೈ. ಗೌರವ್ವ ಅರಿವೆ ಬಿಚ್ಚಿ, ತಾಳಿಯ ದಾರಕ್ಕೆ ಅರಿಶಿನ ಹಚ್ಚಿದಳು. ಅವಳು ಸವರಿದಂತೆಲ್ಲ ನಾನು ತಾಳಿಬಟ್ಟಲಿಗೆ ತಗುಲಿ ಸದ್ದು ಮಾಡುತ್ತಿದ್ದೆ.

"ಅತ್ತಿ, ನೀನು?" ಎಂದಳು ಕಸ್ತೂರಿ.

"ನಾ ಒಂದ ಸಲ ಕಳಕೊಂಡೆ. ಅಷ್ಟ ಸಾಕಾತು ಈ ಜನ್ಮಕ್ಕ. ಇಕಿ ದಿನಾ ಮುಂಜಾನಿ ಕಳಕೊಳ್ಳಾಕತ್ತಾಳ. ದಿನಾ ಕಳಕೋಬೇಕು ಅಂತ ಯಾವ ಶಾಸ್ತ್ರದಾಗ ಐತಿ?"

ಗಂಡನಿಲ್ಲದವಳು ಗಂಡನಿಲ್ಲದವಳ ಕೊರಳಿಗೆ ತಾಳಿ ಕಟ್ಟಿದಳು. ಸಾವಂತ್ರವ್ವ ಅಳು ನಿಲ್ಲಿಸಿ ಕೈ ತಂದು ನನ್ನನ್ನು ಮುಟ್ಟಿದಳು.

"ಬಂದಾರೇನ್ರೀ ಅಕ್ಕಾರ?"

"ಬಂದಾನ. ಮನ್ಯಾಗ ಅದಾನ."

"ಹಂಗಾರ ಬುತ್ತಿ ಬ್ಯಾಡ" ಎಂದು ಸಾವಂತ್ರವ್ವ ಗೋಡೆಗೆ ಒರಗಿ ಕೂತಳು. ಗೌರವ್ವ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಒಬ್ಬಳೇ ಅತ್ತಳು. ತಮ್ಮನಿಗಾಗಿ ಅತ್ತಳೋ ತನಗಾಗಿ ಅತ್ತಳೋ ಕೇಳಿದವರಿಲ್ಲ.

ಓಣಿಯವರು ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕಲಾಗುವುದಿಲ್ಲ, ಆದರೆ ಮನೆಯ ಬಾಗಿಲಿನ ಬೀಗಗಳು ತೆರೆದವು. ಸಾವಂತ್ರವ್ವ ಆಮೇಲೆ ಗೇಟು ಹುಡುಕಿಕೊಂಡು ಹೋಗಲಿಲ್ಲ. ಮಾತು ಒಂದೊಂದೇ ಉದುರಿ, ಒಡಪೂ ಅರ್ಧಕ್ಕೆ ನಿಲ್ಲತೊಡಗಿ, ಕೊನೆಗೆ ಮುಟ್ಟುವುದೊಂದೇ ಉಳಿಯಿತು. ಭೋಂಗಾ ಕೇಳಿದರೆ ಕೈ ತಾನಾಗಿ ನನ್ನ ಬಳಿ ಬರುತ್ತಿತ್ತು. ಅವಳ ಬೆರಳು ಸವರಿ ಸವರಿ ನನ್ನ ಮುಖದ ಮೇಲಿನ 182 ನುಣ್ಣಗಾಯಿತು.

ಒಂದು ಚಳಿಗಾಲದ ಬೆಳಿಗ್ಗೆ ಭೋಂಗಾ ಊದಿತು, ಕೈ ಬರಲಿಲ್ಲ.

ಮೈತೊಳೆದು ಹೊಸ ಸೀರೆ ಉಡಿಸುವಾಗ ಹೆಂಗಸರಲ್ಲಿ ಒಬ್ಬಳು ತಾಳಿ ಇಳಿಸಲು ಮುಂದೆ ಬಂದಳು. ಗೌರವ್ವ, ತಾನೇ ಗೋಡೆ ಹಿಡಿದು ನಿಲ್ಲುವ ಸ್ಥಿತಿಯಲ್ಲಿದ್ದವಳು, ಕೋಲು ಅಡ್ಡ ಹಿಡಿದಳು.

"ಬಂಗಾರ ಇಳಸ್ರಿ, ಅದು ಕಸ್ತೂರೀದು. ಬಿಲ್ಲಿ ಬಿಡ್ರಿ."

"ಅತ್ತಿ, ಅದರಾಗ ನನ್ನ ನಂಬರ ಐತಿ" ಎಂದಳು ಕಸ್ತೂರಿ.

"ಅದಕ್ಕ ಬಿಡು ಅಂದೆ. ಹಾದಿ ತಪ್ಪೂ ಹೆಂಗಸು ಇಕಿ."

ಕಸ್ತೂರಿ ತಾನೇ ಬಗ್ಗಿ, ಬಂಗಾರದ ಬಟ್ಟಲುಗಳನ್ನು ಬಿಡಿಸಿಕೊಂಡು, ನನ್ನನ್ನು ಅರಿಶಿನದ ದಾರದಲ್ಲೇ ಬಿಟ್ಟು ಗಂಟು ಬಿಗಿದಳು. ನೀಲಕಂಠಪ್ಪನ ಪಕ್ಕದಲ್ಲೇ ಮಣ್ಣು ಕೊಟ್ಟರು.

ಹಾಗಾಗಿ ನಾನೀಗ ಇಲ್ಲಿದ್ದೇನೆ. ಮೈ ಹಸಿರುಗಟ್ಟಿದೆ. ನನ್ನ ಮೊಳೆಯಾಗಿದ್ದ ದಾರ ಯಾವಾಗಲೋ ಮಣ್ಣಾಯಿತು. ಬೆನ್ನಿನ ಅಂಕಿಗಳು ಮಾತ್ರ ಗಟ್ಟಿಯಾಗಿವೆ, ಫಿಟ್ಟರನ ಕೈಪೆಟ್ಟು ಅದು. ಭೋಂಗಾ ಇಷ್ಟು ಆಳಕ್ಕೆ ಕೇಳಿಸುವುದಿಲ್ಲ. ಇಷ್ಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಮನುಷ್ಯ ಎಲ್ಲಿದ್ದಾನೆಂದು ಕೇಳಿದವರಿಗೆ ತಿಳಿಸುವುದು. ಒಮ್ಮೆ ಆ ಕೆಲಸಕ್ಕೆ ನಾನು ಒದಗಲಿಲ್ಲ, ಅದನ್ನು ಮುಚ್ಚಿಟ್ಟಿಲ್ಲ. ಮುಂದೆಂದಾದರೂ ಯಾರಾದರೂ ಇಲ್ಲಿ ಅಗೆದು, ನನ್ನನ್ನು ಒರೆಸಿ, ಬೆನ್ನ ಮೇಲಿನ ನಂಬರಿಗೆ ಫೋನ್ ಹಚ್ಚಿದರೆ, ಮತ್ತು ಅತ್ತ ಕಸ್ತೂರಿಯೇ ಎತ್ತಿದರೆ, ದಯವಿಟ್ಟು ಹೇಳಿ: ಮೊಳೆ ಖಾಲಿ ಇದೆ, ಇಬ್ಬರೂ ಒಳಗಿದ್ದಾರೆ.